ವಿಮಾನದ ಎಣ್ಣೆಯ ಬೆಲೆಯೂ ನಮ್ಮ ಹೊಲದ ಬದುವೂ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್. ಎಜಿ., ಬರೆದುದು)

ಆಕಾಶದಲ್ಲಿ ಹಾರುವ ವಿಮಾನದ ಎಣ್ಣೆಗೆ ಬೆಲೆ ಏರಿದರೆ ನೆಲವನ್ನು ಉಳುವ ಒಕ್ಕಲಿಗನಿಗೆ ಅದರಿಂದ ಆಗತಕ್ಕದ್ದೇನು ಎಂದು ಈ ಪತ್ರಿಕೆಯ ವಾಚಕರಲ್ಲಿ ಕೆಲವರಾದರೂ ಕೇಳಬಹುದು. ಪ್ರಶ್ನೆಯು ಯುಕ್ತವಾದುದೇ. ಆದರೆ ಕಳೆದ ಇಪ್ಪತ್ತು ವರ್ಷಗಳಿಂದೀಚೆಗೆ ಆ ಬೆಲೆಯು ಏರಿದಾಗಲೆಲ್ಲ, ಅದರ ಬೆನ್ನಿಗೇ ಮತ್ತೊಂದು ಸುದ್ದಿಯು ಹಳ್ಳಿಗಳಿಗೆ ಬರುವುದುಂಟು. “ನೆಲದೊಳಗಿನ ಎಣ್ಣೆಯ ಕಾಲವು ತೀರುತ್ತ ಬಂದಿತು, ಇನ್ನು ಮೇಲೆ ಎಣ್ಣೆಯು ಹೊಲದಲ್ಲಿಯೇ ಬೆಳೆಯತಕ್ಕದ್ದು, ನಿಮ್ಮ ಜಮೀನನ್ನು ಇದಕ್ಕೆ ಒಪ್ಪಿಸಿರಿ” ಎಂಬುದೇ ಆ ಸುದ್ದಿಯು. ಇಂಥ ಮಾತನ್ನು ಹೊತ್ತು ತರುವವರಿಗೆ ಗ್ರಾಮದ ಮುಖಂಡರೂ ಭೂಮಾಲೀಕರೂ ಯಾವ ಉತ್ತರವನ್ನು ಕೊಡಬೇಕು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶವು. ಇಲ್ಲಿ ಬರೆದಿರುವುದು ಲೇಖಕನ ಸ್ವಂತ ಅಭಿಪ್ರಾಯವೇ ಹೊರತು ಇಲಾಖೆಯ ಆಜ್ಞೆಯಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ವಿಮಾನದ ಎಣ್ಣೆ ಎಂದರೇನು?

ವಿಮಾನದಲ್ಲಿ ಉರಿಯುವ ಎಣ್ಣೆಯು ನಮಗೆ ಕೇವಲ ಅಪರಿಚಿತವಾದ ವಸ್ತುವಲ್ಲ. ನಮ್ಮ ಮನೆಗಳಲ್ಲಿ ದೀಪಕ್ಕೂ ಒಲೆಗೂ ಬಹುಕಾಲ ಉಪಯೋಗಿಸುತ್ತಿದ್ದ ಸೀಮೆಎಣ್ಣೆಯ ಜಾತಿಗೇ ಅದು ಸೇರಿರುವುದು. ಬಹು ಎತ್ತರದಲ್ಲಿರುವ ಶೀತಕ್ಕೆ ಗಟ್ಟಿಯಾಗದಂತೆ, ಸೊನ್ನೆಗಿಂತ 47 ಡಿಗ್ರಿಗಳಷ್ಟು ಕೆಳಗಿನವರೆಗೂ ದ್ರವವಾಗಿಯೇ ನಿಲ್ಲುವಂತೆ ಅದನ್ನು ಶುದ್ಧಿಮಾಡಿರುತ್ತಾರೆ. ನಮ್ಮ ದೇಶದ ವಿಮಾನ ಕಂಪೆನಿಗಳು ಮಾಡುವ ಖರ್ಚಿನಲ್ಲಿ ಮೂರರಲ್ಲೊಂದು ಪಾಲಿಗೆ ಕಡಮೆಯಿಲ್ಲದಷ್ಟು ಈ ಎಣ್ಣೆಗೇ ಹೋಗುವುದೆಂದು ಸಾಮಾನ್ಯವಾದ ಅಂದಾಜು. ಆದಕಾರಣ ಬೆಲೆಯು ಸ್ವಲ್ಪ ಏರಿದರೂ ಅವರು ಗಾಬರಿಗೊಳ್ಳುವುದು ಸಹಜವೇ.

ರಸ್ತೆಯ ವಾಹನಗಳಂತೆ ವಿಮಾನಗಳನ್ನೂ ವಿದ್ಯುಚ್ಛಕ್ತಿಯಿಂದ ನಡೆಸಬಾರದೇಕೆ ಎಂದು ಕೇಳಬಹುದು. ಒಂದು ಕಿಲೋಗ್ರಾಂ ಎಣ್ಣೆಯಲ್ಲಿ ಅಡಗಿರುವ ಶಕ್ತಿಯು ಅಷ್ಟೇ ತೂಕದ ಒಳ್ಳೆಯ ಬ್ಯಾಟರಿಯಲ್ಲಿರುವುದಕ್ಕಿಂತ ಸುಮಾರು 40 ಪಾಲು ಹೆಚ್ಚು. ನೆಲದ ಮೇಲೆ ಉರುಳುವ ಗಾಡಿಯು ಈ ಭಾರವನ್ನು ಹೊರಬಲ್ಲುದು. ಗಾಳಿಯಲ್ಲಿ ತೇಲಬೇಕಾದ ಯಂತ್ರವು ದೂರದ ಪ್ರಯಾಣಕ್ಕೆ ಅದನ್ನು ಹೊರಲಾರದು. ಆದುದರಿಂದ ಇನ್ನೂ ಅನೇಕ ವರ್ಷಗಳ ಕಾಲ ವಿಮಾನಕ್ಕೆ ದ್ರವರೂಪದ ಎಣ್ಣೆಯೇ ಬೇಕು. ನೆಲದೊಳಗಿನ ಎಣ್ಣೆಯು ತುಟ್ಟಿಯಾದರೆ ಅವರು ಬೀಜದ ಎಣ್ಣೆಯನ್ನೂ ಕಬ್ಬಿನ ಮದ್ಯಸಾರವನ್ನೂ ಹುಡುಕಿಕೊಂಡು ನಮ್ಮ ಕಡೆಗೆ ಬರುವುದಕ್ಕೆ ಕಾರಣವು ಇದೇ.

ಬೆಲೆಯ ಏರಿಳಿತ

ಈ ಎಣ್ಣೆಯ ಬೆಲೆಯು ಒಂದೇ ಸಮನೆ ಏರುತ್ತ ಹೋಗುವುದೆಂದು ನಂಬುವವರು ಕೆಲವು ಹಳೆಯ ಸಂಗತಿಗಳನ್ನು ನೆನಪಿನಲ್ಲಿಡತಕ್ಕದ್ದು. 1973ರ ಕೊನೆಯಲ್ಲಿ ಪಶ್ಚಿಮ ಏಷ್ಯದ ಯುದ್ಧದ ಕಾರಣದಿಂದ ಕೆಲವೇ ತಿಂಗಳೊಳಗೆ ಕಚ್ಚಾ ಎಣ್ಣೆಯ ಬೆಲೆಯು ಸುಮಾರು ನಾಲ್ಕರಷ್ಟಾಯಿತು. 2008ರ ಜುಲೈಯಲ್ಲಿ ಪೀಪಾಯಿಗೆ 147 ಡಾಲರುಗಳವರೆಗೆ ಹೋದದ್ದು ಅದೇ ವರ್ಷದ ಡಿಸೆಂಬರಿನಲ್ಲಿ 40 ಡಾಲರಿಗಿಂತ ಕೆಳಕ್ಕೆ ಬಿದ್ದಿತು. ನಮ್ಮ ದೇಶದಲ್ಲಿಯೇ, ದೆಹಲಿಯಲ್ಲಿ ವಿಮಾನದ ಎಣ್ಣೆಯ ದರವು 2022ರ ಜೂನಿನಲ್ಲಿ ಸಾವಿರ ಲೀಟರಿಗೆ 1,41,000 ರೂಪಾಯಿಗಳನ್ನು ಮೀರಿತು. ರಷ್ಯ ಮತ್ತು ಉಕ್ರೇನುಗಳ ಯುದ್ಧವು ಅದಕ್ಕೆ ಮುಖ್ಯ ಕಾರಣವಾಗಿತ್ತು. ಸರಿಯಾಗಿ ಒಂದು ವರ್ಷದ ಮೇಲೆ, 2023ರ ಜೂನಿನಲ್ಲಿ, ಅದೇ ದರವು 90,000 ರೂಪಾಯಿಗಳಿಗಿಂತ ಕಡಮೆಯಾಗಿತ್ತು.

ಈಗ ಮರದ ಲೆಕ್ಕವನ್ನು ನೋಡೋಣ. ಹೊಂಗೆಯ ಸಸಿಯನ್ನು ನೆಟ್ಟರೆ ಬೀಜವನ್ನು ಕಾಣುವುದಕ್ಕೆ ಐದಾರು ವರ್ಷಗಳು ಬೇಕು. ಒಳ್ಳೆಯ ಫಸಲಿಗೆ ಹತ್ತು ವರ್ಷಗಳಾದರೂ ಬೇಕು. ಬೆಲೆಯು ಒಂದು ವರ್ಷದಲ್ಲಿ ಮಗ್ಗುಲು ಬದಲಾಯಿಸುವುದು. ಮರವಾದರೋ ಹತ್ತು ವರ್ಷ ನಿಂತಲ್ಲಿಯೇ ನಿಲ್ಲುವುದು. ಈ ಎರಡು ಕಾಲಮಾನಗಳಿಗೆ ಇರುವ ಅಂತರದಲ್ಲಿಯೇ ಭೂಮಾಲೀಕನಿಗೆ ಒದಗುವ ಸಮಸ್ತ ಅಪಾಯವೂ ಅಡಗಿದೆ.

ಕಾಡುಹರಳಿನ ಪಾಠ

ಈ ಅಪಾಯವು ಕೇವಲ ಊಹೆಯಲ್ಲ. 2003ರಲ್ಲಿ ಭಾರತ ಸರ್ಕಾರದ ಯೋಜನಾ ಆಯೋಗದ ಸಮಿತಿಯೊಂದು, ಡೀಸಲ್ ಎಣ್ಣೆಯಲ್ಲಿ ಬೀಜದ ಎಣ್ಣೆಯನ್ನು ಬೆರೆಸಬೇಕೆಂದೂ, 2011-12ರ ಹೊತ್ತಿಗೆ ಅದು ನೂರಕ್ಕೆ 20 ಪಾಲಾಗಬೇಕೆಂದೂ, ಅದಕ್ಕಾಗಿ ಕಾಡುಹರಳು ಅಥವಾ ಜತ್ರೋಪ ಎಂಬ ಗಿಡವನ್ನು ಬಂಜರು ಭೂಮಿಯಲ್ಲಿ ವಿಸ್ತಾರವಾಗಿ ನೆಡಬೇಕೆಂದೂ ಸಲಹೆಮಾಡಿತು. ಆಡು ಕುರಿಗಳು ಅದನ್ನು ಮೇಯುವುದಿಲ್ಲ; ಮಳೆಯಿಲ್ಲದಿದ್ದರೂ ಅದು ಸಾಯುವುದಿಲ್ಲ; ಆದಕಾರಣ ಕಲ್ಲುನೆಲದಲ್ಲಿಯೂ ಬಂಗಾರ ಬೆಳೆದಂತಾಗುವುದೆಂದು ಊರೂರಲ್ಲಿಯೂ ಮಾತಾಯಿತು. ಬ್ರಿಟನ್ನಿನ ದೊಡ್ಡ ಎಣ್ಣೆ ಕಂಪೆನಿಯಾದ ಬಿ.ಪಿ.ಯು 2007ರಲ್ಲಿ ಈ ಗಿಡದ ವ್ಯಾಪಾರದಲ್ಲಿ ಪಾಲುಗಾರನಾಯಿತು. 2008ರ ಡಿಸೆಂಬರ್ 30ರಂದು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ದೊಡ್ಡ ವಿಮಾನವೊಂದರ ನಾಲ್ಕು ಯಂತ್ರಗಳಲ್ಲಿ ಒಂದನ್ನು ಅರ್ಧದಷ್ಟು ಜತ್ರೋಪ ಎಣ್ಣೆ ಬೆರೆಸಿ ಪರೀಕ್ಷಾರ್ಥವಾಗಿ ಹಾರಿಸಿದರು. ಯಂತ್ರವು ಚೆನ್ನಾಗಿಯೇ ನಡೆಯಿತು. ಆದರೆ ಕಚ್ಚಾ ಎಣ್ಣೆಯು 40 ಡಾಲರಿಗೆ ಇಳಿದದ್ದೂ ಅದೇ ತಿಂಗಳಿನಲ್ಲಿಯೇ. ಮರುವರ್ಷವೇ ಬಿ.ಪಿ.ಯು ಆ ಪಾಲುಗಾರಿಕೆಯಿಂದ ಹೊರಬಂದಿತು.

ಕಂಪೆನಿಯು ಹೊರಬರಬಲ್ಲುದು, ಗಿಡ ನೆಟ್ಟ ರೈತನು ತನ್ನ ಹೊಲದಿಂದ ಹೊರಬರುವುದೆಲ್ಲಿಗೆ? ನನ್ನ ತಿರುಗಾಟದ ಹಳ್ಳಿಗಳಲ್ಲಿಯೇ ಸಸಿಯೊಂದಕ್ಕೆ ಇಷ್ಟೆಂದು ಹಣ ಪಡೆದು, ಬೀಜವನ್ನು ತಾವೇ ಕೊಳ್ಳುವೆವೆಂದು ಅಚ್ಚುಹಾಕಿಸಿದ ಕಾಗದಗಳನ್ನು ಹಂಚಿ, ಬೀಜವಾಗುವ ಹೊತ್ತಿಗೆ ವಿಳಾಸವೇ ಇಲ್ಲದಂತಾದ ದಲ್ಲಾಳಿಗಳಿದ್ದರು. ಗಿಡವು ಬದುಕುವುದು ಬೇರೆ, ಫಸಲು ಕೊಡುವುದು ಬೇರೆ ಎಂಬುದನ್ನು ಆಗ ಯಾರೂ ರೈತರಿಗೆ ಬಿಡಿಸಿ ಹೇಳಲಿಲ್ಲ. ನೀರೂ ಗೊಬ್ಬರವೂ ಇಲ್ಲದ ನೆಲದಲ್ಲಿ ಕಾಡುಹರಳು ಬದುಕಿತು. ಆದರೆ ಬೀಜವನ್ನು ಮಾತ್ರ ಬೊಗಸೆಯಷ್ಟೇ ಕೊಟ್ಟಿತು. ಕಾಯಿಗಳು ಒಟ್ಟಿಗೆ ಹಣ್ಣಾಗದೆ ಇರುವುದರಿಂದ ಕೀಳುವ ಕೂಲಿಯೇ ಬೀಜದ ಬೆಲೆಯನ್ನು ಮೀರಿತು. ಸರ್ಕಾರದವರು 2006ರಿಂದ ಬೀಜದ ಎಣ್ಣೆಯಿಂದ ಮಾಡಿದ ಡೀಸಲಿಗೆ ಲೀಟರಿಗೆ 26 ರೂಪಾಯಿ 50 ಪೈಸೆಯ ದರವನ್ನು ಗೊತ್ತುಮಾಡಿದ್ದರೂ ಆ ದರಕ್ಕೆ ಯಾರಿಗೂ ಗಿಟ್ಟಲಿಲ್ಲ. 20 ಪಾಲೆಂದು ಹೇಳಿದ ಮಿಶ್ರಣವು ಒಂದು ಪಾಲನ್ನೂ ಮುಟ್ಟದೆ ಹೋಯಿತು. 2018ರ ಹೊಸ ನೀತಿಯಲ್ಲಿ ಗುರಿಯನ್ನು 2030ಕ್ಕೆ 5 ಪಾಲೆಂದು ಇಳಿಸಬೇಕಾಯಿತು.

ಈ ಸಲ ಹೊಸದೇನು?

ಹಾಗೆಂದು ಈಗ ಬರುವ ಮಾತೆಲ್ಲವೂ ಸುಳ್ಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮೊದಲು ಬೆಲೆಯೊಂದೇ ಇದ್ದಿತು. ಈಗ ಕಟ್ಟಳೆಯೂ ಸೇರಿದೆ. ಯೂರೋಪಿನ ಒಕ್ಕೂಟದ ವಿಮಾನ ನಿಲ್ದಾಣಗಳಲ್ಲಿ ಒದಗಿಸುವ ಎಣ್ಣೆಯಲ್ಲಿ 2025ರಿಂದ ನೂರಕ್ಕೆ 2 ಪಾಲು, 2030ರಿಂದ 6 ಪಾಲು ಇಂಥ ಹೊಸ ಎಣ್ಣೆಯಿರಬೇಕೆಂದು ಕಾನೂನಾಗಿದೆ. ನಮ್ಮ ದೇಶದವರೂ ವಿದೇಶಕ್ಕೆ ಹೋಗುವ ವಿಮಾನಗಳಿಗೆ 2027ರಲ್ಲಿ 1 ಪಾಲು, 2028ರಲ್ಲಿ 2 ಪಾಲು, 2030ರಲ್ಲಿ 5 ಪಾಲು ಎಂಬ ಗುರಿಯನ್ನು ಸೂಚಿಸಿರುತ್ತಾರೆ. 2018ರ ಆಗಸ್ಟ್ 27ರಂದು ಡೆಹರಾಡೂನಿನಿಂದ ದೆಹಲಿಗೆ ವಿಮಾನವೊಂದು ಛತ್ತೀಸಗಢದ ಜತ್ರೋಪ ಬೀಜದಿಂದ ತೆಗೆದ ಎಣ್ಣೆಯನ್ನು ಬೆರೆಸಿಕೊಂಡು ಹಾರಿತು. ಆ ಎಣ್ಣೆಯನ್ನು ತಯಾರಿಸಿದವರು ಡೆಹರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯವರು. ಕೆಲಸವು ಸಾಧ್ಯವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಎರಡು ಮಾತುಗಳನ್ನು ಗಮನಿಸತಕ್ಕದ್ದು. ಮೊದಲನೆಯದು, 2024ರಲ್ಲಿ ಪ್ರಪಂಚದಲ್ಲೆಲ್ಲ ತಯಾರಾದ ಇಂಥ ಎಣ್ಣೆಯು ಸುಮಾರು 10 ಲಕ್ಷ ಟನ್ನುಗಳು ಮಾತ್ರ. ವಿಮಾನದ ಎಣ್ಣೆಯ ಒಟ್ಟು ತಯಾರಿಕೆಯಲ್ಲಿ ಇದು ಸಾವಿರಕ್ಕೆ 3 ಪಾಲು. ಇದರ ಬೆಲೆಯು ಸಾಧಾರಣ ಎಣ್ಣೆಯ ಎರಡರಷ್ಟಕ್ಕಿಂತ ಕಡಮೆಯಿಲ್ಲ. ಎರಡನೆಯದು, ಕಾರ್ಖಾನೆಯವರು ಮೊದಲು ಕೈಚಾಚುವುದು ಹೊಲದ ಬೀಜಕ್ಕಲ್ಲ, ಹೋಟೆಲುಗಳಲ್ಲಿ ಕರಿದು ಉಳಿದ ಎಣ್ಣೆಗೆ. ಪಾನಿಪತ್ತಿನ ಸರ್ಕಾರಿ ಕಾರ್ಖಾನೆಗೆ 2025ರಲ್ಲಿ ಯೋಗ್ಯತಾಪತ್ರವು ದೊರೆತದ್ದು ಇಂಥ ಉಳಿಕೆಯ ಎಣ್ಣೆಯಿಂದ ವಿಮಾನದ ಎಣ್ಣೆ ಮಾಡುವುದಕ್ಕೇ. ಯೂರೋಪಿನವರ ಕಾನೂನಾದರೋ ಜನ ಜಾನುವಾರುಗಳ ಆಹಾರಬೆಳೆಯಿಂದ ಮಾಡಿದ ಎಣ್ಣೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಒಂದು ಸರಳವಾದ ಲೆಕ್ಕ

ಮಾತಿಗಿಂತ ತಕ್ಕಡಿಯು ಮೇಲು. ನಾಲ್ಕು ಕಿಲೋ ಹೊಂಗೆಯ ಬೀಜವನ್ನು ಗಾಣಕ್ಕೆ ಹಾಕಿದರೆ ಸುಮಾರು ಒಂದು ಕಿಲೋ ಎಣ್ಣೆಯೂ ಮೂರು ಕಿಲೋ ಹಿಂಡಿಯೂ ಬರುವುವು. ಆ ಒಂದು ಕಿಲೋ ಎಣ್ಣೆಯನ್ನು ಕಾರ್ಖಾನೆಯಲ್ಲಿ ಸಂಸ್ಕರಿಸಿದರೆ ಅರ್ಧ ಕಿಲೋವಿನಷ್ಟು ವಿಮಾನದ ಎಣ್ಣೆಯೂ, ಅದಕ್ಕಿಂತ ಸ್ವಲ್ಪ ಕಡಮೆ ಇತರ ಎಣ್ಣೆಗಳೂ ದೊರೆಯುವುವು. ಎಲ್ಲವೂ ಸೇರಿ ಅಂದಾಜು ಒಂದು ಲೀಟರೆನ್ನೋಣ. ವಿಮಾನದ ಎಣ್ಣೆಯು ಲೀಟರಿಗೆ 90 ರೂಪಾಯಿ ಇದ್ದರೆ, ಕಾರ್ಖಾನೆಯವರು ಪುಕ್ಕಟೆಯಾಗಿ ಕೆಲಸಮಾಡಿ, ಲಾರಿಯವನು ಬಾಡಿಗೆಯನ್ನೇ ಕೇಳದೆ ಹೋದರೂ, ಎಣ್ಣೆಯ ಬಾಬ್ತು ಒಂದು ಕಿಲೋ ಬೀಜಕ್ಕೆ 22 ರೂಪಾಯಿ 50 ಪೈಸೆಯನ್ನು ಮೀರಿ ಕೊಡಲಾಗದು. ಅವರ ಖರ್ಚೂ ಲಾಭವೂ ಇದರಲ್ಲಿಯೇ ಕಳೆಯಬೇಕು. ಇದಕ್ಕಿಂತ ಹೆಚ್ಚಿನ ಬೆಲೆಯನ್ನು ಕೊಡುವೆನೆಂದು ಯಾರಾದರೂ ಹೇಳಿದರೆ, ಆ ಹೆಚ್ಚಿನ ಹಣವು ಯಾರ ಜೇಬಿನಿಂದ, ಎಷ್ಟು ವರ್ಷಗಳವರೆಗೆ ಬರುವುದೆಂದು ಅವನನ್ನು ಕೇಳುವುದು ಮುಖಂಡರ ಹಕ್ಕಾಗಿದೆ.

ಇನ್ನೊಂದು ಲೆಕ್ಕ. ಬೆಂಗಳೂರಿನಿಂದ ದೆಹಲಿಗೆ 180 ಜನರನ್ನು ಹೊತ್ತು ಹೋಗುವ ವಿಮಾನವು ಒಂದು ಸಲಕ್ಕೆ ಐದು ಸಾವಿರ ಕಿಲೋ ಎಣ್ಣೆಯನ್ನಾದರೂ ಉರಿಸುವುದು. ಅದಷ್ಟನ್ನೂ ಹೊಂಗೆಯಿಂದಲೇ ಒದಗಿಸಬೇಕಾದರೆ ಹತ್ತು ಸಾವಿರ ಕಿಲೋ ಹೊಂಗೆ ಎಣ್ಣೆಯೂ, ಅದಕ್ಕೆ ನಲವತ್ತು ಸಾವಿರ ಕಿಲೋ ಬೀಜವೂ ಬೇಕು. ಮರವೊಂದಕ್ಕೆ ವರ್ಷಕ್ಕೆ 20 ಕಿಲೋ ಬೀಜವೆಂದು ಹಿಡಿದರೆ, ಎರಡು ಸಾವಿರ ಮರಗಳ ಇಡೀ ವರ್ಷದ ಫಲವು ಒಂದು ವಿಮಾನದ ಒಂದು ಸಲದ ಪ್ರಯಾಣಕ್ಕೆ ಸರಿಹೋಗುವುದು. ನಮ್ಮ ಮರಗಳಿಂದ ವಿಮಾನಗಳ ಹಸಿವು ತೀರುವುದೆಂಬ ಭ್ರಮೆಯನ್ನು ಈ ಲೆಕ್ಕವೊಂದೇ ಬಿಡಿಸಬಲ್ಲುದು.

ಆದರೆ ಇದೇ ಲೆಕ್ಕದ ಮತ್ತೊಂದು ಮುಖವನ್ನೂ ನೋಡಿರಿ. ಆ ನಲವತ್ತು ಸಾವಿರ ಕಿಲೋ ಬೀಜದಿಂದ ಮೂವತ್ತು ಸಾವಿರ ಕಿಲೋ ಹಿಂಡಿಯು ಉಳಿಯುವುದು. ಹೊಂಗೆಯ ಹಿಂಡಿಯಲ್ಲಿ ನೂರಕ್ಕೆ ಸುಮಾರು 4 ಪಾಲು ಸಾರಜನಕವಿರುವುದರಿಂದ, ಇದರಲ್ಲಿ 1,200 ಕಿಲೋ ಸಾರಜನಕವಾಯಿತು. ಅಂದರೆ 45 ಕಿಲೋವಿನ 58 ಮೂಟೆ ಯೂರಿಯಾದಲ್ಲಿರುವಷ್ಟು. ಹಿಂಡಿಯ ಸಾರವು ಮೆಲ್ಲಮೆಲ್ಲನೆ ಬಿಡುವುದೆಂಬುದು ನಿಜ. ಆದರೆ ಅದು ಮಣ್ಣಿಗೆ ಹಿತವಾದುದು. ಎಣ್ಣೆಯು ಆಕಾಶಕ್ಕೆ ಹೋದರೂ ಗೊಬ್ಬರವು ಊರಿನಲ್ಲಿಯೇ ಉಳಿಯಬೇಕಾದರೆ, ಗಾಣವು ಊರಿನ ಹತ್ತಿರವಿರಬೇಕು, ಇಲ್ಲವೆ ಹಿಂಡಿಯು ಹಿಂದಿರುಗಿ ಬರುವಂತೆ ಕರಾರಿರಬೇಕು. ಬೀಜವನ್ನು ಹಾಗೆಯೇ ಲಾರಿಗೆ ತುಂಬಿ ಕಳುಹಿಸುವವನು ತನ್ನ ಹೊಲದ ಸಾರವನ್ನೂ ಅದರೊಂದಿಗೆ ತುಂಬಿ ಕಳುಹಿಸಿದಂತೆಯೇ.

ಕಬ್ಬು ಮತ್ತು ಮುಸುಕಿನ ಜೋಳ

ಕಾಲುವೆಯ ಬಯಲಿನ ಭೂಮಾಲೀಕರಿಗೆ ಹೊಂಗೆಯ ಮಾತಿಗಿಂತ ಮದ್ಯಸಾರದ ಮಾತೇ ಹೆಚ್ಚಾಗಿ ಬರುವುದು. ಒಂದು ಟನ್ನು ಕಬ್ಬಿನ ಹಾಲಿನಿಂದ ಸುಮಾರು 70 ಲೀಟರು ಮದ್ಯಸಾರವೂ, ಅದರಿಂದ 40 ಲೀಟರಿನಷ್ಟು ವಿಮಾನದ ಎಣ್ಣೆಯೂ ಆಗಬಹುದು. ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಮದ್ಯಸಾರವನ್ನು ಬೆರೆಸುವ ಗುರಿಯನ್ನು 2025ರಲ್ಲಿ ಮುಟ್ಟಿರುವುದರಿಂದ ಈ ವ್ಯಾಪಾರವು ಭದ್ರವಾದುದೆಂದು ತೋರುವುದು. ಆದರೂ 2023ರಲ್ಲಿ ಮಳೆಯು ಕೈಕೊಟ್ಟು ಸಕ್ಕರೆಯು ಸಾಲದೆಂಬ ಭಯವಾದಾಗ, ಆ ಡಿಸೆಂಬರಿನಲ್ಲಿಯೇ ಕೇಂದ್ರ ಸರ್ಕಾರದವರು ಕಬ್ಬಿನ ಹಾಲಿನಿಂದ ಮದ್ಯಸಾರ ತೆಗೆಯುವುದನ್ನು ತಡೆದರು. ಸ್ವಲ್ಪ ದಿನಗಳಲ್ಲಿ ಮಿತಿಯಿಟ್ಟು ಸಡಿಲಿಸಿದರು. 2024ರಲ್ಲಿ ತಡೆಯನ್ನು ತೆಗೆದರು. ಜನರ ಊಟಕ್ಕೆ ಕೊರತೆಯಾದಾಗ ಸರ್ಕಾರವು ಹೀಗೆ ಮಾಡುವುದು ಧರ್ಮವೇ. ಆದರೆ ಇಂಥ ಬೆಳೆಯ ಮೇಲೆ ಸಾಲಮಾಡಿ ಕೊಳವೆಬಾವಿ ತೋಡಿಸುವವನು, ಬರಗಾಲ ಬಂದ ವರ್ಷದಲ್ಲಿ ನೀರೂ ಕೊಳ್ಳುವವನೂ ಒಟ್ಟಿಗೆ ಕೈಬಿಡಬಹುದೆಂಬುದನ್ನು ತಿಳಿದಿರಬೇಕು.

ಕರಾರಿನ ಬೆಲೆ

ಹೊಸ ಶಕ್ತಿಯ ಕಾರ್ಯಗಳಲ್ಲಿ ಭೂಮಾಲೀಕನಿಗೆ ಭದ್ರತೆಯು ದೊರೆತ ನಿದರ್ಶನವೂ ನಮ್ಮಲ್ಲಿಯೇ ಇದೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ತಿರುಮಣಿ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವ್ಯಾಟಿನ ಸೌರಶಕ್ತಿಯ ಕ್ಷೇತ್ರವು ಸ್ಥಾಪಿತವಾಗಿದೆ. ಅಲ್ಲಿ ರೈತರು ಜಮೀನನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಿಂದ ಮೊದಲುಮಾಡಿ, ಎರಡು ವರ್ಷಗಳಿಗೊಮ್ಮೆ ನೂರಕ್ಕೆ 5ರಂತೆ ಏರಿಸತಕ್ಕದ್ದೆಂದು ಬರವಣಿಗೆಯಾಯಿತು. ಎಣ್ಣೆಯ ಬೆಲೆ ಏರಲಿ ಇಳಿಯಲಿ, ಗುತ್ತಿಗೆಯ ಹಣವು ಅದಕ್ಕೆ ತಗಲಿಕೊಂಡಿಲ್ಲ. ಆದರೆ ಅಲ್ಲಿಯೂ ಸ್ವಂತ ಭೂಮಿಯಿಲ್ಲದೆ ಆ ಹೊಲಗಳಲ್ಲಿ ಕೂಲಿಮಾಡುತ್ತಿದ್ದವರಿಗೂ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಗುತ್ತಿಗೆಯ ಹಣದಲ್ಲಿ ಪಾಲಿಲ್ಲವಾಯಿತು. ಊರಿನ ಮುಖಂಡನು ಭೂಮಿಯುಳ್ಳವರ ಮುಖಂಡನು ಮಾತ್ರವಲ್ಲವಾದುದರಿಂದ ಇದನ್ನೂ ಮರೆಯಬಾರದು.

ಬದುವಿನ ಹೊಂಗೆ

ಹಾಗಾದರೆ ಮಾಡತಕ್ಕದ್ದೇನು? ನನ್ನ ಅಭಿಪ್ರಾಯದಲ್ಲಿ ಉತ್ತರವು ಹೊಲದಲ್ಲಿಲ್ಲ, ಹೊಲದ ಬದುವಿನಲ್ಲಿದೆ. ಸೀಮೆಎಣ್ಣೆಯು ಬರುವುದಕ್ಕೆ ಮುಂಚೆ ನಮ್ಮ ಹಳ್ಳಿಗಳ ದೀಪಗಳು ಉರಿದದ್ದು ಹೊಂಗೆ, ಹಿಪ್ಪೆ, ಹರಳುಗಳ ಎಣ್ಣೆಯಿಂದ. ಸೀಮೆಎಣ್ಣೆಯು ಆ ದೀಪಗಳನ್ನು ಆರಿಸಿತು. ಈಗ ಅದೇ ಸೀಮೆಎಣ್ಣೆಯ ಒಡೆಯರು ಹೊಂಗೆಯನ್ನು ವಿಚಾರಿಸುತ್ತಿದ್ದಾರೆ. ಈ ನಡುವಿನ ಕಾಲದಲ್ಲೆಲ್ಲ ಬದುವಿನ ಹೊಂಗೆಯು ಯಾರ ಬೆಲೆಯನ್ನೂ ಕಾಯದೆ ಗದ್ದೆಗೆ ಸೊಪ್ಪನ್ನೂ, ತೋಟಕ್ಕೆ ಹಿಂಡಿಯನ್ನೂ, ದನಗಳಿಗೆ ನೆರಳನ್ನೂ, ಜೇನಿಗೆ ಹೂವನ್ನೂ ಕೊಡುತ್ತಲೇ ಇದ್ದಿತು. ಬೇರಿನ ಗಂಟುಗಳಿಂದ ಅದು ಗಾಳಿಯ ಸಾರಜನಕವನ್ನೂ ಹಿಡಿಯುವುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಯಂತ್ರಗಳನ್ನು ನಡೆಸಿ ಕೊಳವೆಬಾವಿಯ ನೀರನ್ನೆತ್ತಿ ತೋರಿಸಿದರು. 2007ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹಾಸನದ ಬಳಿ ಮಡೆನೂರಿನಲ್ಲಿ ಜೈವಿಕ ಇಂಧನದ ಉದ್ಯಾನವನ್ನು ಆರಂಭಿಸಿದಾಗ, ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಮೊದಲಾದ ಮರಗಳನ್ನು ಬದು, ಹಿತ್ತಿಲು, ಬೀಳುಗಳಲ್ಲಿಯೇ ನೆಡಬೇಕೆಂಬ ಕ್ರಮವನ್ನು ಹಿಡಿದರು. ಅದು ವಿವೇಕದ ಕ್ರಮವು. ಬದುವಿನ ಮರದಿಂದ ಬೀಜಕ್ಕೆ ಬೆಲೆ ಬಂದರೆ ಲಾಭ. ಬಾರದಿದ್ದರೆ ಸೊಪ್ಪು ಎಲ್ಲಿಗೂ ಹೋಗುವುದಿಲ್ಲ. ಹೊಲದ ನಡುವೆ ಸಾಲುಸಾಲಾಗಿ ನೆಟ್ಟವನಿಗಾದರೋ ಬೆಲೆ ಬಾರದಿದ್ದರೆ ರಾಗಿಯೂ ಇಲ್ಲ, ಹಣವೂ ಇಲ್ಲ.

ಈ ಎಲ್ಲ ಸಂಗತಿಗಳನ್ನು ಆಲೋಚಿಸಿ, ಮುಖಂಡರ ಮತ್ತು ಭೂಮಾಲೀಕರ ಅವಗಾಹನೆಗೆ ಈ ಕೆಳಗಿನ ಸೂಚನೆಗಳನ್ನು ಇಡುತ್ತೇನೆ:

1. ರಾಗಿ, ಜೋಳ, ಭತ್ತ, ದ್ವಿದಳ ಧಾನ್ಯಗಳು ಬೆಳೆಯುವ ಜಮೀನನ್ನು ಎಣ್ಣೆಯ ಮರಗಳಿಗೆ ಬಿಡಬಾರದು. ಬದು, ಹಳ್ಳದ ದಂಡೆ, ಬೇಲಿ, ಕಲ್ಲುಮೂಲೆಗಳೇ ಅವಕ್ಕೆ ತಕ್ಕ ಸ್ಥಳಗಳು.

2. ಗೋಮಾಳವು ದನ ಕುರಿಗಳ ಪಾಲು. ಗ್ರಾಮಸಭೆಯನ್ನು ಸೇರಿಸಿ, ಕುರಿಗಾಹಿಗಳನ್ನೂ ಕೂಲಿಯವರನ್ನೂ ಕೇಳದೆ, ಅದನ್ನು “ಬಂಜರು” ಎಂದು ಯಾವ ಕಾಗದದಲ್ಲಿಯೂ ಬರೆದುಕೊಡಬಾರದು.

3. ಸಸಿಯನ್ನು ಮಾರುವವನೂ ಬೀಜವನ್ನು ಕೊಳ್ಳುವೆನೆನ್ನುವವನೂ ಒಬ್ಬನೇ ಆಗಿದ್ದರೆ, ಅವನ ಲಾಭವು ಸಸಿಯಲ್ಲಿಯೇ ಮುಗಿದಿರಬಹುದೆಂದು ಸಂಶಯಪಡುವುದು ಒಳ್ಳೆಯದು.

4. ಯಾವ ಕರಾರಾದರೂ ಕನ್ನಡದಲ್ಲಿದ್ದು ನೋಂದಣಿಯಾಗಿರಬೇಕು. ಕನಿಷ್ಠ ಬೆಲೆ, ತೂಕಮಾಡುವ ಸ್ಥಳ, ಸಾಗಣೆಯ ಖರ್ಚು, ಕೊಳ್ಳುವ ವರ್ಷಗಳ ಸಂಖ್ಯೆ, ಹಿಂಡಿಯು ಯಾರಿಗೆ, ಕಂಪೆನಿಯು ಬಿಟ್ಟುಹೋದರೆ ಪರಿಹಾರವೇನು ಎಂಬ ಆರು ಅಂಶಗಳು ಸ್ಪಷ್ಟವಾಗಿರಬೇಕು. ಎಣ್ಣೆಯ ಬೆಲೆಗೆ ಅನುಸಾರವಾಗಿ ಕೊಡುವೆವೆಂಬ ಒಕ್ಕಣೆಯಿದ್ದರೆ ಕೆಳಮಿತಿಯಿಲ್ಲದೆ ರುಜು ಹಾಕಬಾರದು.

5. ಹೊಂಗೆಯನ್ನು ನೆಡುವಾಗ ವರ್ಷವರ್ಷವೂ ಚೆನ್ನಾಗಿ ಕಾಯಿಬಿಡುವ ಮರದಿಂದ ಕಸಿಮಾಡಿದ ಸಸಿಗಳನ್ನೇ ಆರಿಸಬೇಕು. ಅವು ಬೀಜದ ಸಸಿಗಿಂತ ಬೇಗ ಫಲಕ್ಕೆ ಬರುವುವು. ಬೀಜವನ್ನು ಹೊಲದ ಕೆಲಸ ಕಡಮೆಯಿರುವ ಬೇಸಿಗೆಯಲ್ಲಿ ಆಯಬಹುದಾದುದರಿಂದ, ಆಯುವ ಹಕ್ಕನ್ನು ಊರಿನ ಬಡ ಹೆಂಗಸರ ಸಂಘಗಳಿಗೆ ಬಿಟ್ಟುಕೊಟ್ಟರೆ ಲಾಭವು ಊರಿನಲ್ಲಿ ಹರಡುವುದು.

ವಿಮಾನದ ಎಣ್ಣೆಯ ಬೆಲೆಯು ಇನ್ನೂ ಅನೇಕಾವರ್ತಿ ಏರುವುದು, ಅನೇಕಾವರ್ತಿ ಇಳಿಯುವುದು. ಪ್ರತಿ ಏರಿಕೆಯಲ್ಲಿಯೂ ಯಾರಾದರೊಬ್ಬರು ಹೊಸ ಗಿಡದ ಹೆಸರನ್ನು ಹೇಳಿಕೊಂಡು ಊರಿಗೆ ಬರುವರು. ಬಂದವರನ್ನು ಮರ್ಯಾದೆಯಿಂದ ಕೂರಿಸಿ, ಅವರು ಹೇಳುವುದನ್ನು ಪೂರ್ತಿಯಾಗಿ ಕೇಳಿ, ಲೆಕ್ಕವನ್ನೂ ಕರಾರನ್ನೂ ಕೇಳತಕ್ಕದ್ದು. ಎರಡೂ ಸರಿಯಾಗಿದ್ದರೆ ಬದುವನ್ನು ತೋರಿಸಿರಿ. ಹೊಲವನ್ನು ಮಾತ್ರ ಮೊದಲಿನಂತೆ ಊಟಕ್ಕೇ ಮೀಸಲಾಗಿಡಿರಿ.